ನಾಯಿ ಗುರುಗುಟ್ಟಿದರೆ ಹೊಡೆಯಬೇಡಿ: ಕಚ್ಚುವ ಸಾಕುನಾಯಿಯನ್ನು ಅರಿತು ನಿಭಾಯಿಸುವ ಬಗೆ

"ನಾವೇನೂ ಮಾಡಿರಲಿಲ್ಲ, ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು." ನಾಯಿ ಕಚ್ಚಿದ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಇದು. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ಹಾಗೇ ಕಂಡಿರುತ್ತದೆ. ಆದರೆ ಸಾಕುನಾಯಿ ಕಚ್ಚುವ ಮೊದಲು ಹೆಚ್ಚಿನ ಸಲ ಹಲವು ಬಗೆಯಲ್ಲಿ "ಬೇಡ" ಎಂದು ತಿಳಿಸಿರುತ್ತದೆ. ಮುಖ ತಿರುಗಿಸಿರುತ್ತದೆ, ತುಟಿ ನೆಕ್ಕಿರುತ್ತದೆ, ಮೈ ಬಿಗಿ ಹಿಡಿದಿರುತ್ತದೆ, ಗುರುಗುಟ್ಟಿರುತ್ತದೆ. ಗುರುಗುಟ್ಟಿದ್ದಕ್ಕೆ ಮನೆಯವರು ಗದರಿರುತ್ತಾರೆ, ಮೂತಿಗೆ ಹೊಡೆದಿರುತ್ತಾರೆ. ಒಂದು ದಿನ ಅದು ಗುರುಗುಟ್ಟುವುದನ್ನೇ ಬಿಡುತ್ತದೆ. ಒಳಗಿನ ಭಯ ಮಾತ್ರ ಹಾಗೇ ಉಳಿದಿರುತ್ತದೆ. ಆಮೇಲಿನ ಕಚ್ಚು ನಿಜವಾಗಿಯೂ ಸೂಚನೆ ಇಲ್ಲದೆ ಬರುತ್ತದೆ.

ಈ ಲೇಖನ ಪೂರ್ತಿ ಓದಲು ನಿಮಗೆ ಪುರುಸೊತ್ತು ಇಲ್ಲದಿದ್ದರೆ ಇಷ್ಟು ಮಾತ್ರ ನೆನಪಿಡಿ: ಗುರುಗುಟ್ಟುವ ನಾಯಿಯನ್ನು ಶಿಕ್ಷಿಸಬೇಡಿ. ಅದಕ್ಕೆ ಏನು ಬೇಡವಾಗಿದೆ ಎಂದು ನೋಡಿ, ಹಿಂದೆ ಸರಿಯಿರಿ, ಆಮೇಲೆ ನಿಧಾನವಾಗಿ ಅದನ್ನು ಸರಿಪಡಿಸಿ. ಹೇಗೆ ಸರಿಪಡಿಸುವುದು ಎನ್ನುವುದೇ ಮುಂದಿನ ಮಾತು.

ಈಗಷ್ಟೇ ಕಚ್ಚಿದ್ದರೆ: ಗಾಯದ ಕೆಲಸ ಮೊದಲು

ನಾಯಿಯ ಸ್ವಭಾವದ ಬಗ್ಗೆ ಆಮೇಲೆ ಯೋಚಿಸಬಹುದು. ಮೊದಲು ನಾಯಿಯನ್ನು ಒಂದು ಕೋಣೆಗೆ ಬಿಟ್ಟು ಬಾಗಿಲು ಹಾಕಿ. ಹೊಡೆಯಬೇಡಿ, ಕೂಗಾಡಬೇಡಿ. ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಿರಿ. 15 ನಿಮಿಷ ಅಂದರೆ ಗಡಿಯಾರ ನೋಡಿಕೊಂಡು 15 ನಿಮಿಷ. ರೇಬೀಸ್ ವೈರಸ್ಸನ್ನು ಗಾಯದಲ್ಲೇ ಕಡಿಮೆ ಮಾಡಲು ನಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಇದೇ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದ ಪುಡಿ, ಎಣ್ಣೆ ಯಾವುದನ್ನೂ ಮೆತ್ತಬೇಡಿ. ಬಿಗಿಯಾಗಿ ಕಟ್ಟಬೇಡಿ. ಆಮೇಲೆ ಅದೇ ದಿನ ಆಸ್ಪತ್ರೆಗೆ ಹೋಗಿ.

"ನಮ್ಮ ನಾಯಿಗೆ ಇಂಜೆಕ್ಷನ್ ಹಾಕ್ಸಿದೀವಿ, ನಮಗ್ಯಾಕೆ?" ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ. ನಾಯಿಯ ಲಸಿಕೆ ಪುಸ್ತಕ ತೆಗೆದುಕೊಂಡು ಹೋಗಿ, ವೈದ್ಯರು ತೀರ್ಮಾನಿಸಲಿ. ಚರ್ಮ ಕಿತ್ತು ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್, ಕೂಡ ಬೇಕಾಗುತ್ತದೆ. ಧನುರ್ವಾಯು ಇಂಜೆಕ್ಷನ್ ಬೇಕೇ ಎಂದೂ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಚರ್ಮದ ಪದರದೊಳಗೆ ಕೊಡುತ್ತಾರೆ. ಮೊದಲ ದಿನವನ್ನು 0 ಎಂದು ಎಣಿಸಿ 0, 3, 7 ಮತ್ತು 28ನೇ ದಿನ. ನಡುವೆ ಒಂದನ್ನೂ ತಪ್ಪಿಸಬಾರದು. ಕಚ್ಚಿದ ನಾಯಿಯನ್ನು 10 ದಿನ ಕಣ್ಣಳತೆಯಲ್ಲೇ ಇಡಿ. ಅದು ಆರೋಗ್ಯವಾಗಿದ್ದರೆ ಉಳಿದ ಡೋಸ್ ಬೇಕೋ ಬೇಡವೋ ವೈದ್ಯರು ಹೇಳುತ್ತಾರೆ. 10 ದಿನ ಕಾದು ನೋಡಿ ಆಮೇಲೆ ಲಸಿಕೆ ಶುರು ಮಾಡೋಣ ಎನ್ನುವುದು ಮಾತ್ರ ಬೇಡ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸಿಕೊಳ್ಳುವುದು ಸಾಧ್ಯವಾಗುವುದಿಲ್ಲ ಎನ್ನುವಷ್ಟು ಕಷ್ಟ.

ನಾಯಿಮರಿಗೆ ಮೊದಲ ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಆಮೇಲಿನ ಲಸಿಕೆಗಳನ್ನು ಪಶುವೈದ್ಯರು ಬರೆದುಕೊಟ್ಟ ದಿನಕ್ಕೆ ತಪ್ಪದೆ ಹಾಕಿಸಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುತ್ತದೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ವಿಚಾರಿಸಿ.

ಹೆಜ್ಜೆ 1: ಇದು ಯಾವ ಬಗೆಯ ಕಚ್ಚು?

ಮೂರು ತಿಂಗಳ ಮರಿ ಕೈಗೆ ಬಾಯಿ ಹಾಕುವುದಕ್ಕೂ ಮೂರು ವರ್ಷದ ನಾಯಿ ಕೈಗೆ ಬಾಯಿ ಹಾಕುವುದಕ್ಕೂ ಅಜಗಜಾಂತರ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಎರಡೂ ಕೆಡುತ್ತವೆ.

ಮರಿಗಳಿಗೆ 28 ಹಾಲುಹಲ್ಲು. ಸೂಜಿಮೊನೆಯ ಹಲ್ಲುಗಳು. ಸುಮಾರು ನಾಲ್ಕನೇ ತಿಂಗಳಿಂದ ಅವು ಬಿದ್ದು, ಆರೇಳು ತಿಂಗಳ ಹೊತ್ತಿಗೆ 42 ದೊಡ್ಡ ಹಲ್ಲು ಬಂದಿರುತ್ತವೆ. ಆ ಸಮಯದಲ್ಲಿ ಒಸಡು ಕೆರೆಯುತ್ತದೆ, ಸಿಕ್ಕಿದ್ದನ್ನೆಲ್ಲ ಕಡಿಯುತ್ತವೆ. ಇದು ರೋಗವಲ್ಲ, ಕೆಟ್ಟ ಬುದ್ಧಿಯೂ ಅಲ್ಲ. ಮರಿಗಳು ಜಗತ್ತನ್ನು ತಿಳಿದುಕೊಳ್ಳುವುದು ಬಾಯಿಂದಲೇ. ಸಡಿಲ ಮೈ, ಕುಣಿದಾಟ, ಓಡಿಹೋಗಿ ಮತ್ತೆ ಬರುವುದು ಕಂಡರೆ ಅದು ಆಟ.

ದೊಡ್ಡ ನಾಯಿಯ ಕಚ್ಚಿನ ಹಿಂದೆ ಹೆಚ್ಚಾಗಿ ಇರುವುದು ಭಯ, ನೋವು, ಅಥವಾ ತನ್ನದನ್ನು ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಆತಂಕ. ಅಟ್ಟಿಸಿಕೊಂಡು ಹೋಗುವ ಚಟ ಇನ್ನೊಂದು. ಬೈಕು, ಸೈಕಲ್ಲು, ಓಡುವ ಮಕ್ಕಳು ಕಂಡರೆ ಕೆಲವಕ್ಕೆ ತಡೆಯುವುದಿಲ್ಲ. ಎರಡು ನಾಯಿ ಜಗಳ ಆಡುವಾಗ ನಡುವೆ ಕೈ ಹಾಕಿದವರಿಗೂ ಕಚ್ಚು ಬೀಳುತ್ತದೆ. ಆ ಗಳಿಗೆಯಲ್ಲಿ ನಾಯಿಗೆ ಕೈ ಯಾರದು ಎನ್ನುವುದೇ ಗೊತ್ತಿರುವುದಿಲ್ಲ. ಜಗಳ ಬಿಡಿಸಲು ನೀರು ಎರಚಿ, ಕಂಬಳಿ ಎಸೆಯಿರಿ, ನಡುವೆ ಕುರ್ಚಿ ತೂರಿಸಿ. ಕೈ ಬೇಡ.

ಹೆಜ್ಜೆ 2: ಮರಿ ಕಡಿಯುತ್ತಿದ್ದರೆ

ಎಂಟು ವಾರದವರೆಗೆ ಮರಿ ತಾಯಿ ಮತ್ತು ಒಡಹುಟ್ಟುಗಳ ಜೊತೆ ಇರಲೇಬೇಕು. ಅಲ್ಲೇ ಅದು ಮೊದಲ ಪಾಠ ಕಲಿಯುವುದು: ಜೋರಾಗಿ ಕಚ್ಚಿದರೆ ತಮ್ಮ ಆಟ ಬಿಟ್ಟು ಹೋಗುತ್ತಾನೆ, ತಾಯಿ ಎದ್ದು ಹೋಗುತ್ತಾಳೆ. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ ಎಂದು ನಿಯಮವೂ ಇದೆ. ಆದರೂ 30-35 ದಿನದ ಮರಿಗಳನ್ನು ಮಾರುವವರು ಇದ್ದಾರೆ. "ಚಿಕ್ಕದಿದ್ದಾಗಲೇ ತಂದರೆ ಹೊಂದಿಕೊಳ್ಳುತ್ತೆ" ಎಂದು ಕೊಳ್ಳುವವರೂ ಇದ್ದಾರೆ. ದಯವಿಟ್ಟು ಹಾಗೆ ತರಬೇಡಿ. ಈಗಾಗಲೇ ತಂದಿದ್ದರೆ, ತಾಯಿ ಕಲಿಸಬೇಕಾಗಿದ್ದ ಪಾಠವನ್ನು ನೀವು ಕಲಿಸಬೇಕು. ಸ್ವಲ್ಪ ಜಾಸ್ತಿ ತಾಳ್ಮೆ ಬೇಕು, ಅಷ್ಟೇ.

ಹಲ್ಲು ಚರ್ಮಕ್ಕೆ ತಾಗಿದ ತಕ್ಷಣ ಆಟ ನಿಲ್ಲಿಸಿ. ಕೈ ಕಟ್ಟಿ, ಮುಖ ತಿರುಗಿಸಿ, ಸುಮ್ನೆ ನಿಂತುಬಿಡಿ. ಆದರೂ ಬಿಡದಿದ್ದರೆ ಎದ್ದು ಆಚೆ ಹೋಗಿ, ಅರ್ಧ ನಿಮಿಷ ಬಿಟ್ಟು ಬನ್ನಿ. ಬಂದು ಕಡಿಯಲು ಆಟಿಕೆ ಕೊಡಿ, ಅದನ್ನು ಕಡಿದರೆ ಹೊಗಳಿ. ಹಲ್ಲು ತಾಗಿದರೆ ಆಟ ಮುಗಿಯಿತು, ಆಟಿಕೆ ಕಡಿದರೆ ಆಟ ಮುಂದುವರಿಯಿತು. ಇಷ್ಟೇ ಪಾಠ. ಆದರೆ ಮನೆಯಲ್ಲಿ ಎಲ್ಲರೂ ಹೀಗೇ ಮಾಡಬೇಕು. ಅಮ್ಮ ಆಟ ನಿಲ್ಲಿಸುವುದು, ಅಣ್ಣ ಕೈ ಕೊಟ್ಟು ಕಚ್ಚಿಸಿಕೊಂಡು ನಗುವುದು, ಅಜ್ಜ ಪೇಪರ್ ಸುತ್ತಿ ಹೊಡೆಯುವುದು, ಹೀಗಾದರೆ ಮರಿಗೆ ಏನು ಅರ್ಥವಾಗಬೇಕು?

ಕೀಂಯ್ ಎಂದು ಚೀರಿದರೆ ಮರಿ ಬಿಡುತ್ತದೆ ಎಂದು ಹೇಳುವವರಿದ್ದಾರೆ. ಕೆಲವು ಮರಿಗಳು ಬಿಡುತ್ತವೆ. ಕೆಲವು ಇನ್ನೂ ಹುರುಪಾಗಿ ಮೇಲೆ ಬೀಳುತ್ತವೆ. ನಿಮ್ಮದು ಎರಡನೇ ಜಾತಿಯದ್ದಾದರೆ ಚೀರುವುದನ್ನು ಕೈಬಿಡಿ.

ಪಂಚೆ, ಸೀರೆ, ನೈಟಿಯ ಅಂಚು ಹಿಡಿದು ಜಗ್ಗುವುದು ಇನ್ನೊಂದು ಕಾಟ. ಜಗ್ಗಿದಾಗ ನಾವು ಕಾಲು ಎಳೆದುಕೊಂಡು ಓಡುತ್ತೇವೆ. ಮರಿಗೆ ಅದಕ್ಕಿಂತ ಒಳ್ಳೆಯ ಆಟ ಬೇಕೆ? ನಿಂತಲ್ಲೇ ನಿಲ್ಲಿ, ಒಂದು ಆಟಿಕೆಯನ್ನು ದೂರ ಎಸೆಯಿರಿ.

ಒಸಡಿನ ಕೆರೆತಕ್ಕೆ ಫ್ರಿಜ್‌ನಲ್ಲಿಟ್ಟ ಕ್ಯಾರೆಟ್, ಇಲ್ಲವೇ ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕೊಡಿ. ಬಟ್ಟೆ ಕೊಟ್ಟಾಗ ಎದುರಿಗೇ ಕೂತಿರಿ, ಹರಿದು ನುಂಗಬಾರದು. ಬೇಯಿಸಿದ ಕೋಳಿ ಮೂಳೆ ಮಾತ್ರ ಬೇಡವೇ ಬೇಡ, ಅದು ಸೀಳಿ ಹೊಟ್ಟೆಗೆ ಚುಚ್ಚುತ್ತದೆ.

ಹೆಚ್ಚು ಜನ ಗಮನಿಸದ ಒಂದು ವಿಷಯ ನಿದ್ದೆ. ಮರಿಗಳಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಮಕ್ಕಳು ಶಾಲೆಯಿಂದ ಬಂದು, ನೆಂಟರು ಎತ್ತಿಕೊಂಡು ಮುದ್ದಾಡಿ, ಸಂಜೆ ಏಳರ ಹೊತ್ತಿಗೆ ಮರಿ ಹುಚ್ಚು ಹಿಡಿದ ಹಾಗೆ ಓಡಿ ಓಡಿ ಕಚ್ಚುತ್ತಿದ್ದರೆ ಅದಕ್ಕೆ ಬೇಕಾಗಿರುವುದು ನಿದ್ದೆ. ಕತ್ತಲೆ ಮೂಲೆಯಲ್ಲಿ ಹಾಸಿಗೆ ಹಾಸಿ ಮಲಗಿಸಿ. ಎದ್ದ ಮೇಲೆ ನೋಡಿ, ಬೇರೆಯೇ ಮರಿ.

ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿ ಕಂಡದ್ದು ಕೇಳಿದ್ದೆಲ್ಲ ಅದಕ್ಕೆ ಜೀವನ ಪೂರ್ತಿ "ಮಾಮೂಲು" ಎನಿಸುತ್ತದೆ. ಕುಕ್ಕರ್ ಸೀಟಿ, ಆಟೋ ಸದ್ದು, ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರು, ಬುರ್ಖಾ ಹಾಕಿದವರು, ಊರುಗೋಲು ಹಿಡಿದ ಅಜ್ಜ, ಅಳುವ ಕೂಸು. ಲಸಿಕೆ ಪೂರ್ತಿ ಆಗುವವರೆಗೆ ನೆಲಕ್ಕೆ ಬಿಡದೆ ಎತ್ತಿಕೊಂಡೇ ಇವನ್ನೆಲ್ಲ ದೂರದಿಂದ ತೋರಿಸಿ, ತಿನ್ನಲು ಏನಾದರೂ ಕೊಡುತ್ತಿರಿ. ಈ ವಾರಗಳು ಕಳೆದುಹೋದರೆ ಅದೇ ಕೆಲಸಕ್ಕೆ ಮುಂದೆ ತಿಂಗಳುಗಟ್ಟಲೆ ಬೇಕಾಗುತ್ತದೆ.

ಹೆಜ್ಜೆ 3: ನಾಯಿ ಹೇಳುವುದನ್ನು ಓದಲು ಕಲಿಯಿರಿ

ನಾಯಿಯ ಎಚ್ಚರಿಕೆಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಕೆಳಗಿನ ಮೆಟ್ಟಿಲಲ್ಲೇ ನಮಗೆ ಗೊತ್ತಾದರೆ ಮೇಲಕ್ಕೆ ಹೋಗುವ ಅಗತ್ಯವೇ ಅದಕ್ಕೆ ಬರುವುದಿಲ್ಲ.

ಶುರುವಿನಲ್ಲಿ ನಿದ್ದೆ ಬರದಿದ್ದರೂ ಆಕಳಿಸುತ್ತದೆ. ಊಟ ಎದುರಿಗಿಲ್ಲದಿದ್ದರೂ ತುಟಿ, ಮೂಗು ನೆಕ್ಕಿಕೊಳ್ಳುತ್ತದೆ. ಮುಖ ಆ ಕಡೆ ತಿರುಗಿಸುತ್ತದೆ. ಆಮೇಲೆ ಎದ್ದು ಹೋಗಲು ನೋಡುತ್ತದೆ, ಕಿವಿ ಹಿಂದಕ್ಕೆ ಒತ್ತುತ್ತದೆ, ಬಾಲ ಮುದುರುತ್ತದೆ. ಮುಖ ತಿರುಗಿಸಿದ್ದರೂ ಕಣ್ಣು ಮಾತ್ರ ನಿಮ್ಮ ಮೇಲೇ ಇದ್ದು, ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಾಣುತ್ತದೆ. ಇದನ್ನು ನೋಡಿದಾಗ ಕೈ ಹಿಂದಕ್ಕೆ ತೆಗೆಯಿರಿ. ಇದರ ನಂತರದ್ದೇ ಎಲ್ಲಕ್ಕಿಂತ ಮುಖ್ಯ: ನಾಯಿ ಒಂದು ಗಳಿಗೆ ಪೂರ್ತಿ ಸ್ತಬ್ಧವಾಗುತ್ತದೆ. ತಿನ್ನುತ್ತಿದ್ದರೆ ಅಗಿಯುವುದು ನಿಲ್ಲುತ್ತದೆ, ಬಾಯಿ ಮುಚ್ಚುತ್ತದೆ, ಮೈ ಸೆಟೆಯುತ್ತದೆ. ಬಹಳ ಜನ ಇದನ್ನು "ಪಾಪ, ಸುಮ್ನೆ ಕೂತಿದೆ" ಎಂದುಕೊಳ್ಳುತ್ತಾರೆ. ಆ ಮೇಲೆ ಗುರುಗುಟ್ಟುವುದು, ಹಲ್ಲು ಕಿರಿಯುವುದು, ಗಾಳಿಗೆ ಬಾಯಿ ಹಾಕುವುದು, ಕೊನೆಗೆ ಕಚ್ಚು.

ಬಾಲ ಅಲ್ಲಾಡಿದರೆ ಖುಷಿ ಎಂದು ನಂಬಬೇಡಿ. ಮೈಯೆಲ್ಲ ಬಳುಕಿ ಸಡಿಲವಾಗಿ ಅಲ್ಲಾಡುವ ಬಾಲ ಬೇರೆ, ಸೆಟೆದು ನಿಂತು ತುದಿ ಮಾತ್ರ ಚುರುಕಾಗಿ ಅಲ್ಲಾಡುವ ಬಾಲ ಬೇರೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನೂ ನಂಬಿ ಕೈ ಚಾಚಬೇಡಿ. ಬೊಗಳುವ ನಾಯಿ ದೂರ ಇರು ಎನ್ನುತ್ತಿರಬಹುದು. ಕೇಳದಿದ್ದರೆ ಕಚ್ಚುತ್ತದೆ.

ಮುಟ್ಟಬಹುದೋ ಬೇಡವೋ ಎಂದು ತಿಳಿಯಲು ಸುಲಭ ದಾರಿ ಒಂದಿದೆ. ಮೂರು ಸೆಕೆಂಡ್ ಕತ್ತಿನ ಪಕ್ಕ ಸವರಿ, ಕೈ ತೆಗೆಯಿರಿ. ನಾಯಿ ಮತ್ತೆ ಒರಗಿದರೆ ಮುಂದುವರಿಸಿ. ಹಾಗೇ ಇದ್ದರೆ, ಮುಖ ತಿರುಗಿಸಿದರೆ, ಸಾಕು. ಮಕ್ಕಳಿಗೂ ಇದನ್ನೇ ಕಲಿಸಿ.

ಹೆಜ್ಜೆ 4: ಬರೆದಿಡಿ, ಆಮೇಲೆ ಪಶುವೈದ್ಯರ ಬಳಿ ಹೋಗಿ

ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ನಾಯಿ ಗುರುಗುಟ್ಟಿದಾಗ, ಬಾಯಿ ಹಾಕಿದಾಗ ಬರೆದಿಡಿ. ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಏನು ಮಾಡುತ್ತಿದ್ದರು, ನಾಯಿ ಏನು ಮಾಡುತ್ತಿತ್ತು, ಸ್ವಲ್ಪ ಮೊದಲು ಏನಾಗಿತ್ತು. ಎರಡು ವಾರದಲ್ಲಿ ಒಂದು ಮಾದರಿ ಕಾಣತೊಡಗುತ್ತದೆ. ಸೋಫಾದಿಂದ ಇಳಿಸುವಾಗ ಮಾತ್ರ. ಹಿಂಭಾಗ ಮುಟ್ಟಿದಾಗ ಮಾತ್ರ. ಪಾರ್ಸೆಲ್ ಹುಡುಗ ಬಂದು ಹೋದ ಹದಿನೈದು ನಿಮಿಷದೊಳಗೆ ಮಾತ್ರ. "ಇದರ ತಲೆ ಸರಿ ಇಲ್ಲ" ಎನ್ನುವ ಮಾತು ಈ ಪಟ್ಟಿಯ ಮುಂದೆ ನಿಲ್ಲುವುದಿಲ್ಲ.

ಆ ಪುಸ್ತಕ ಹಿಡಿದು ಪಶುವೈದ್ಯರ ಬಳಿ ಹೋಗಿ. ಟ್ರೇನರ್‌ಗಿಂತ ಮೊದಲು ಪಶುವೈದ್ಯರು. ಇದರಲ್ಲಿ ರಾಜಿ ಬೇಡ. ಅದರಲ್ಲೂ ಇಷ್ಟು ದಿನ ಚೆನ್ನಾಗಿದ್ದ ನಾಯಿ ಈಚೆಗೆ ಬದಲಾಗಿದ್ದರೆ ನೋವನ್ನು ಮೊದಲು ಅನುಮಾನಿಸಬೇಕು. ಮಳೆಗಾಲದಲ್ಲಿ ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ಗಳಂಥ ಜೋಲುಕಿವಿ ನಾಯಿಗಳಿಗೆ ಕಿವಿ ಸೋಂಕು ಬಹಳ. ತಲೆ ಸವರಲು ಹೋದ ಮಗುವಿನ ಕೈಗೆ ಬಾಯಿ ಹಾಕಿತು ಅಂದರೆ ಕಿವಿಯೊಳಗೆ ಬೆಂಕಿಯಂಥ ನೋವಿರಬಹುದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲಿನ ತೊಂದರೆ ಹೆಚ್ಚು. ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ, ಹುಳುಕು ಹಲ್ಲು, ಬೆನ್ನುನೋವು ಯಾವುದೂ ಇರಬಹುದು. ನಾಯಿಗಳು ನೋವನ್ನು ಮುಚ್ಚಿಡುವುದರಲ್ಲಿ ಗಟ್ಟಿಗರು, ಕುಂಟುವುದಿಲ್ಲ ಎಂದ ಮಾತ್ರಕ್ಕೆ ನೋವಿಲ್ಲ ಎಂದಲ್ಲ. ವಯಸ್ಸಾದ ನಾಯಿಗೆ ಕಿವಿ ಮಂದವಾಗಿ, ಕಣ್ಣು ಮಬ್ಬಾಗಿ, ಮಲಗಿದ್ದಾಗ ಮುಟ್ಟಿದರೆ ಬೆಚ್ಚಿ ಕಚ್ಚುತ್ತದೆ. ಅಂಥದ್ದನ್ನು ಎಬ್ಬಿಸುವಾಗ ನೆಲ ತಟ್ಟಿ ಅಥವಾ ಮೂಗಿನ ಹತ್ತಿರ ತಿಂಡಿ ಹಿಡಿದು ಎಬ್ಬಿಸಿ.

ವಿಪರೀತ ಭಯದ ನಾಯಿಗಳಿಗೆ ಆತಂಕ ತಗ್ಗಿಸುವ ಔಷಧಿಗಳೂ ಇವೆ. ಪಶುವೈದ್ಯರು ಬರೆದುಕೊಟ್ಟರೆ ಹಿಂಜರಿಯಬೇಡಿ. ಭಯದಲ್ಲಿ ನಡುಗುತ್ತಿರುವ ಪ್ರಾಣಿಗೆ ಏನನ್ನೂ ಕಲಿಸಲು ಆಗುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಕಚ್ಚುವುದು ನಿಲ್ಲುತ್ತದೆ ಎಂದು ಮಾತ್ರ ನೆಚ್ಚಿಕೊಂಡು ಕೂರಬೇಡಿ. ಅದಕ್ಕೆ ಬೇರೆ ಒಳ್ಳೆಯ ಕಾರಣಗಳಿವೆ, ಆದರೆ ಭಯದಿಂದ ಬರುವ ಕಚ್ಚಿಗೆ ಅದು ಮದ್ದಲ್ಲ.

ಹೆಜ್ಜೆ 5: ಕಚ್ಚುವ ಸಂದರ್ಭವೇ ಬರದಂತೆ ಮನೆ ಜೋಡಿಸಿ

ಕಲಿಕೆಗೆ ವಾರಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಯಾರಿಗೂ ಕಚ್ಚಬಾರದಲ್ವಾ? ಪ್ರತಿ ಸಲ ಕಚ್ಚಿದಾಗ, ಎದುರಿನವರು ಹಿಂದೆ ಸರಿದಾಗ, "ಇದು ಕೆಲಸ ಮಾಡುತ್ತದೆ" ಎಂದು ನಾಯಿ ಕಲಿಯುತ್ತದೆ. ಅದಕ್ಕೇ ಈ ಹೆಜ್ಜೆ.

ಊಟದ ಬಟ್ಟಲಿನ ಹತ್ತಿರ ತೊಂದರೆ ಇದ್ದರೆ ಮೂಲೆಯ ಕೋಣೆಯಲ್ಲಿ ಊಟ ಹಾಕಿ ಬಾಗಿಲು ಮುಂದೆ ಮಾಡಿ. ನೆಂಟರು ಬಂದಾಗ ತೊಂದರೆ ಇದ್ದರೆ ಅವರು ಒಳಗೆ ಬರುವ ಮೊದಲೇ ನಾಯಿ ತನ್ನ ಕೋಣೆಯಲ್ಲಿರಲಿ, ಕಡಿಯಲು ಏನಾದರೂ ಕೊಟ್ಟಿರಿ. ಅಡುಗೆಮನೆ ಬಾಗಿಲಿಗೆ ಮಕ್ಕಳಿಗೆ ಹಾಕುವಂಥ ಅಡ್ಡಗೇಟು ಬಹಳ ಉಪಯೋಗ. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ದೊಡ್ಡ ತಲೆನೋವು. ಕಿರಿದಾದ ಜಾಗ, ಓಡಿಹೋಗಲು ದಾರಿಯಿಲ್ಲ, ಬಾಗಿಲು ತೆರೆದರೆ ಎದುರಿಗೇ ಅಪರಿಚಿತರು. ಖಾಲಿ ಲಿಫ್ಟಿಗೆ ಕಾಯಿರಿ ಅಥವಾ ಮೆಟ್ಟಿಲು ಹಿಡಿಯಿರಿ. ದೀಪಾವಳಿ ಪಟಾಕಿ, ಗಣೇಶನ ಮೆರವಣಿಗೆಯ ತಮಟೆ ಸದ್ದಿನ ದಿನ ನಾಯಿಯನ್ನು ಒಳಗಿನ ಕೋಣೆಯಲ್ಲಿಟ್ಟು ಕಿಟಕಿ ಮುಚ್ಚಿ, ಫ್ಯಾನು ಹಾಕಿ, ಮಂಚದ ಕೆಳಗೆ ಹೋಗಿ ಕೂತರೆ ಎಳೆಯದೆ ಬಿಟ್ಟುಬಿಡಿ.

ಹಗಲೆಲ್ಲ ಕಟ್ಟಿಹಾಕುವುದು ಇದಕ್ಕೆ ಪರಿಹಾರವಲ್ಲ. ತೋಟದ ಮನೆಗಳಲ್ಲಿ "ಕಟ್ಟಿದರೇ ನಾಯಿ ಚುರುಕಾಗೋದು" ಎಂದು ಸರಪಳಿಯಲ್ಲೇ ಬೆಳೆಸುತ್ತಾರೆ. ಓಡಿಹೋಗಲು ಆಗದ ನಾಯಿಗೆ ಉಳಿಯುವುದು ಒಂದೇ ದಾರಿ, ಎದುರು ಬಂದವರ ಮೇಲೆ ಬೀಳುವುದು. ಕೊಂಡಿ ಕಳಚಿದ ದಿನ ಅದು ಕಳ್ಳನನ್ನೇ ಹುಡುಕಿ ಕಚ್ಚುವುದಿಲ್ಲ, ಹಾಲು ಹಾಕಲು ಬಂದವರನ್ನೂ ಬಿಡುವುದಿಲ್ಲ.

ಹೆಜ್ಜೆ 6: ಭಯವನ್ನು ನಂಬಿಕೆಯಾಗಿ ಬದಲಿಸಿ

ಇಲ್ಲಿ ಬೇಕಾಗುವುದು ಬೇಯಿಸಿದ ಕೋಳಿಯ ಸಣ್ಣ ಚೂರು, ಪನೀರ್ ಅಥವಾ ಮೊಟ್ಟೆ. ದಿನಾ ಸಿಗುವ ಬಿಸ್ಕತ್ತು ಇದಕ್ಕೆ ಸಾಲದು. ಉಪಾಯ ಒಂದೇ: ನಾಯಿ ಯಾವುದಕ್ಕೆ ಹೆದರುತ್ತದೋ ಅದು ಬಂದಾಗಲೆಲ್ಲ ಒಳ್ಳೆಯದೊಂದು ಬರಬೇಕು. ಹೆದರಿಕೆ ಶುರುವಾಗದಷ್ಟು ದೂರದಿಂದ ಆರಂಭಿಸಬೇಕು.

ಊಟ ಕಾಯುವ ನಾಯಿಯನ್ನು ತೆಗೆದುಕೊಳ್ಳಿ. ಅದು ತಿನ್ನುವಾಗ ಬಟ್ಟಲಿಗೆ ಕೈ ಹಾಕಿ "ಅಭ್ಯಾಸ" ಮಾಡಿಸುವವರಿದ್ದಾರೆ. ತಟ್ಟೆಗೆ ಪದೇ ಪದೇ ಕೈ ಹಾಕಿದರೆ ಅದರ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಬದಲಿಗೆ ಹೀಗೆ ಮಾಡಿ. ನಾಯಿ ತಿನ್ನುತ್ತಿರುವಾಗ, ಅದು ಮೈ ಬಿಗಿ ಹಿಡಿಯದಷ್ಟು ದೂರದಲ್ಲಿ, ಹತ್ತಡಿ ಬೇಕಾದರೆ ಹತ್ತಡಿ, ಸುಮ್ಮನೆ ಹಾದುಹೋಗಿ. ಹೋಗುತ್ತಾ ಒಂದು ಚೂರು ಕೋಳಿ ಬಟ್ಟಲಿನ ಕಡೆ ಎಸೆಯಿರಿ. ನಿಲ್ಲಬೇಡಿ. ಕೆಲವು ದಿನಗಳಲ್ಲಿ ನೀವು ಬರುವುದನ್ನು ಕಂಡೊಡನೆ ನಾಯಿ ತಲೆ ಎತ್ತಿ, ಸಡಿಲ ಮೈಯಲ್ಲಿ ಎದುರು ನೋಡತೊಡಗುತ್ತದೆ. ಆಗ ಮಾತ್ರ ಒಂದಡಿ ಹತ್ತಿರ. ಮೈ ಸೆಟೆದರೆ ಎರಡಡಿ ಹಿಂದೆ. ಹೀಗೆ ಬಟ್ಟಲಿನ ಪಕ್ಕ ನಿಲ್ಲುವವರೆಗೆ ಹೋಗಬಹುದು. ಆದ ಮೇಲೂ ಸುಮ್ಮಸುಮ್ಮನೆ ಬಟ್ಟಲು ಕಿತ್ತುಕೊಳ್ಳಬೇಡಿ.

ಸಾಕ್ಸ್ ಕದ್ದು ಮಂಚದ ಕೆಳಗೆ ಹೋಗಿ ಗುರುಗುಟ್ಟಿದರೆ ಕೋಲು ಹಿಡಿದು ಹೋಗಬೇಡಿ. ವಿನಿಮಯ ಮಾಡಿ. ಕೋಳಿ ಚೂರನ್ನು ಸ್ವಲ್ಪ ದೂರ ಹಾಕಿ, ಅದು ತಿನ್ನಲು ಬಂದಾಗ ಸಾಕ್ಸ್ ತೆಗೆಯಿರಿ. ಬೇರೆ ಸಮಯದಲ್ಲಿ ಆಟಿಕೆ ಕೊಟ್ಟು, "ಬಿಡು" ಎಂದು ಹೇಳಿ, ತಿಂಡಿ ಕೊಟ್ಟು, ಆಟಿಕೆಯನ್ನೂ ವಾಪಸ್ ಕೊಡಿ. ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ ಎಂದು ಅದಕ್ಕೆ ತಿಳಿಯಬೇಕು.

ಉಗುರು ಕತ್ತರಿಸುವುದು, ಕಿವಿಗೆ ಔಷಧಿ, ಉಣ್ಣೆ ಕೀಳುವುದು, ಇವಕ್ಕೂ ಇದೇ ಕ್ರಮ. ಭುಜ ಮುಟ್ಟಿ, ತಿಂಡಿ. ಕಾಲು ಮುಟ್ಟಿ, ತಿಂಡಿ. ಪಾದ ಹಿಡಿದು ಬಿಡಿ, ತಿಂಡಿ. ಮುಟ್ಟುವುದು ಮೊದಲು, ತಿಂಡಿ ಆಮೇಲೆ. ತಿಂಡಿ ತೋರಿಸಿ ಕಾಲು ಹಿಡಿದರೆ ಮುಂದೆ ತಿಂಡಿ ಕಂಡರೇ ಹೆದರುತ್ತದೆ. ಮೊದಲ ದಿನವೇ ಎಲ್ಲ ಉಗುರೂ ಆಗಬೇಕಿಲ್ಲ, ಒಂದಾದರೂ ಸಾಕು.

ನೆಂಟರ ವಿಷಯದಲ್ಲಿ ನೆಂಟರಿಗೇ ಪಾಠ ಜಾಸ್ತಿ. "ನಂಗೆ ನಾಯಿ ಅಂದ್ರೆ ತುಂಬಾ ಇಷ್ಟ, ನಂಗೇನೂ ಮಾಡಲ್ಲ" ಎಂದು ಬಗ್ಗಿ ಮುಖಕ್ಕೆ ಮುಖ ಕೊಡುವವರೇ ಹೆಚ್ಚು ಅಪಾಯಕ್ಕೆ ಸಿಕ್ಕುವವರು. ನೋಡಬೇಡಿ, ಮಾತಾಡಿಸಬೇಡಿ, ಮುಟ್ಟಬೇಡಿ, ಕೂತು ಕಾಫಿ ಕುಡಿಯಿರಿ ಎಂದು ವಿನಯದಿಂದಲೇ ಗಟ್ಟಿಯಾಗಿ ಹೇಳಿ. ನಾಯಿ ತಾನಾಗಿ ಬಂದು ಮೂಸಿದರೆ ಸರಿ, ಬರದಿದ್ದರೂ ಸರಿ.

ಮಕ್ಕಳಿರುವ ಮನೆ

ಮಕ್ಕಳನ್ನು ಕಚ್ಚುವುದು ಹೆಚ್ಚಾಗಿ ಪರಿಚಯದ ನಾಯಿಯೇ. ಅವರ ಎತ್ತರಕ್ಕೆ ಕಚ್ಚು ಬೀಳುವುದು ಮುಖ, ಕತ್ತಿಗೆ. ಹಾಗಾಗಿ ಈ ಮಾತಿನಲ್ಲಿ ವಿನಾಯಿತಿ ಇಲ್ಲ: ಚಿಕ್ಕ ಮಗು ಮತ್ತು ನಾಯಿಯನ್ನು ಒಂದೇ ಕೋಣೆಯಲ್ಲಿ ಬಿಟ್ಟು ಎದ್ದು ಹೋಗಬೇಡಿ. ಎಷ್ಟೇ ಸಾಧು ನಾಯಿ ಇರಲಿ. ಮಗು ನಾಯಿಯ ಮೇಲೆ ಕೂತು, ಕತ್ತು ತಬ್ಬಿಕೊಂಡಿರುವ ವಿಡಿಯೋಗಳನ್ನು ನೋಡಿ ನಾವು ಮೆಚ್ಚುತ್ತೇವೆ. ಮುಂದಿನ ಸಲ ನಾಯಿಯ ಮುಖ ನೋಡಿ. ಕಣ್ಣಿನ ಬಿಳಿ, ತುಟಿ ನೆಕ್ಕುವುದು, ಸ್ತಬ್ಧವಾದ ಮೈ ಬಹಳ ಸಲ ಅಲ್ಲೇ ಕಾಣುತ್ತವೆ.

ತಿನ್ನುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು ಎಂದು ಮಕ್ಕಳಿಗೆ ಹೇಳಿಕೊಡಿ. ನಾಯಿ ಮೇಲೆ ಬಂದರೆ ಓಡದೆ, ಕೂಗದೆ, ಕೈ ಕಟ್ಟಿ, ನೆಲ ನೋಡುತ್ತಾ ಅಲುಗಾಡದೆ ನಿಲ್ಲುವುದನ್ನು ಆಟವಾಗಿ ಅಭ್ಯಾಸ ಮಾಡಿಸಿ. ನಾಯಿಗೂ ಮಕ್ಕಳ ಕೈಗೆ ಸಿಗದ ಒಂದು ಜಾಗ ಇರಲಿ. ಅಲ್ಲಿಗೆ ಹೋಗಿ ಮಲಗಿತೆಂದರೆ ಯಾರೂ ಮುಟ್ಟುವಂತಿಲ್ಲ.

ಹೊಡೆತ, ಅದುಮುವಿಕೆ, ಚುಚ್ಚು ಪಟ್ಟಿ

"ನಾಯಿಗೆ ಯಜಮಾನ ಯಾರು ಅಂತ ತೋರಿಸಬೇಕು" ಎಂದು ಬೆನ್ನ ಮೇಲೆ ಕೆಡವಿ ಅದುಮುವ ಟ್ರೇನರ್‌ಗಳು ಈಗಲೂ ಇದ್ದಾರೆ. ಈ ನಂಬಿಕೆ ಬಂದದ್ದು ಬೋನಿನೊಳಗೆ ಕೂಡಿಹಾಕಿದ, ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳ ಅಧ್ಯಯನದಿಂದ. ಈ ಮಾತನ್ನು ಹಿಂದೆ ಹರಡಿದ್ದ ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳಗಳ ಗುಂಪು ಅಪ್ಪ, ಅಮ್ಮ, ಮಕ್ಕಳ ಕುಟುಂಬ, ಅಲ್ಲಿ ಪಟ್ಟಕ್ಕಾಗಿ ಹೊಡೆದಾಟವಿಲ್ಲ ಎಂದು ತಿದ್ದಿ ಬರೆದರು. ನಮ್ಮ ಹಜಾರದ ನಾಯಿಗಂತೂ ಅದು ಮೊದಲೇ ಅನ್ವಯಿಸುತ್ತಿರಲಿಲ್ಲ. ಮುಳ್ಳಿನ ಪಟ್ಟಿ, ಕತ್ತು ಬಿಗಿಯುವ ಚೈನು, ಕರೆಂಟ್ ಕೊಡುವ ಪಟ್ಟಿ ಬಳಸುವವರ ಬಳಿ ನಿಮ್ಮ ನಾಯಿಯನ್ನು ಬಿಡಬೇಡಿ. "15 ದಿನದಲ್ಲಿ ಸರಿ ಮಾಡಿ ಕೊಡ್ತೀನಿ, ನೀವು ನೋಡೋಕೆ ಬರಬೇಡಿ" ಎಂದರೆ ಅಲ್ಲಿಂದ ಹೊರಡಿ. ಒಳ್ಳೆಯ ಟ್ರೇನರ್ ನಾಯಿಗಿಂತ ನಿಮಗೆ ಹೆಚ್ಚು ಕಲಿಸುತ್ತಾರೆ.

ಎಷ್ಟು ಗಂಭೀರ ಎಂದು ಅಳೆಯುವುದು

ಪಶುವೈದ್ಯ ಮತ್ತು ನಾಯಿ ತರಬೇತುದಾರ ಇಯಾನ್ ಡನ್‌ಬಾರ್ ಕಚ್ಚನ್ನು ಆರು ಹಂತವಾಗಿ ವಿಂಗಡಿಸಿದ್ದಾರೆ. ಮೊದಲನೆಯದರಲ್ಲಿ ಹಲ್ಲು ಚರ್ಮಕ್ಕೆ ತಾಗುವುದೇ ಇಲ್ಲ. ಎರಡರಲ್ಲಿ ತಾಗುತ್ತದೆ, ಚುಚ್ಚಿ ಒಳಹೋಗುವುದಿಲ್ಲ. ಮೂರರಲ್ಲಿ ಒಂದೇ ಕಚ್ಚಿಗೆ ಒಂದರಿಂದ ನಾಲ್ಕು ತೂತು, ಆಳ ಕೋರೆಹಲ್ಲಿನ ಅರ್ಧಕ್ಕಿಂತ ಕಡಿಮೆ. ನಾಲ್ಕರಲ್ಲಿ ಅರ್ಧಕ್ಕಿಂತ ಆಳ, ಹಿಡಿದು ಅಲ್ಲಾಡಿಸಿದ ಗುರುತು. ಐದರಲ್ಲಿ ಮತ್ತೆ ಮತ್ತೆ ಆಳವಾದ ಕಚ್ಚು. ಆರನೆಯದು ಸಾವು.

ಒಂದು, ಎರಡು ಹಂತವನ್ನು ಮೇಲಿನ ಹೆಜ್ಜೆಗಳಿಂದ ಮನೆಯಲ್ಲೇ ನಿಭಾಯಿಸಬಹುದು. ಮೂರಕ್ಕೆ ಅನುಭವಿ ತಜ್ಞರು ಬೇಕೇ ಬೇಕು. ನಾಲ್ಕು, ಅದಕ್ಕೂ ಮೇಲಾದರೆ ನಾಯಿಯ ಬಗ್ಗೆ ಎಷ್ಟೇ ಪ್ರೀತಿ ಇರಲಿ, ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಪಶುವೈದ್ಯರ ಜೊತೆ ಮುಕ್ತವಾಗಿ ಮಾತಾಡಿ. ಬೇರೆಯವರಿಗೆ ಕೊಡುವುದಾದರೆ ಕಚ್ಚಿದ್ದನ್ನು ಮುಚ್ಚಿಟ್ಟು ಕೊಡಬೇಡಿ. ರಾತ್ರೋರಾತ್ರಿ ಕಾರಿನಲ್ಲಿ ಒಯ್ದು ಊರಾಚೆ ಬಿಟ್ಟು ಬರುವುದು ಕ್ರೌರ್ಯ. ಹಸಿವಿನಲ್ಲಿ ನರಳುವ ಹಾಗೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ.

ತಳಿಯ ಮಾತೂ ಬರುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದು, ಅದು ನಿಜ. ಆದರೆ ಪಮೇರಿಯನ್ ಕೂಡ ಹೆದರಿದರೆ ಕಚ್ಚುತ್ತದೆ. ತಳಿ ಆರಿಸುವಾಗ ಅದರ ಮೂಲ ಕೆಲಸ ನೆನಪಿಡಿ. ನಮ್ಮ ಮುಧೋಳ ನಾಯಿ ಬೇಟೆಗೆ ಬೆಳೆದದ್ದು. ಓಡುವುದನ್ನು ಕಂಡರೆ ಅಟ್ಟುತ್ತದೆ, ಅಪರಿಚಿತರು ಮುಟ್ಟುವುದನ್ನು ಸಾಮಾನ್ಯವಾಗಿ ಇಷ್ಟಪಡುವುದಿಲ್ಲ. ಬಯಲಿನಲ್ಲಿ ಓಡಬೇಕಾದ ನಾಯಿಯನ್ನು ಎರಡು ಕೋಣೆಯ ಫ್ಲಾಟಿನಲ್ಲಿಟ್ಟು ಮುದ್ದಾಡಿಸಿಕೊಳ್ಳಲಿ ಎಂದರೆ ಅದಕ್ಕೂ ಕಷ್ಟ, ನಿಮಗೂ ಕಷ್ಟ.

ನಾಯಿಯನ್ನು ಸರಿಯಾಗಿ ನೋಡಿಕೊಳ್ಳದೆ ಬೇರೆಯವರಿಗೆ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕಚ್ಚಿಸಿಕೊಂಡವರ ಜೊತೆ ವಾದಕ್ಕೆ ಇಳಿಯಬೇಡಿ. ಆಸ್ಪತ್ರೆಗೆ ಜೊತೆಗೆ ಹೋಗಿ, ನಾಯಿಯ ಲಸಿಕೆ ಪುಸ್ತಕ ತೋರಿಸಿ, ಖರ್ಚು ನೋಡಿಕೊಳ್ಳಿ.

ಕೊನೆಯ ಹೆಜ್ಜೆ: ಬಾಯಿಕುಕ್ಕೆ ಹಾಕಲು ಕಲಿಸಿ

ಒಮ್ಮೆ ಕಚ್ಚಿದ ನಾಯಿಗೆ ಬಾಯಿಕುಕ್ಕೆ, ಅಂದರೆ ಮಝಲ್, ಅಭ್ಯಾಸ ಮಾಡಿಸುವುದು ಒಳ್ಳೆಯದು. ಅದು ಶಿಕ್ಷೆಯ ಸಾಧನವಲ್ಲ, ಪಶುವೈದ್ಯರ ಬಳಿ ಮತ್ತು ಜನರ ನಡುವೆ ಎಲ್ಲರಿಗೂ ನೆಮ್ಮದಿ. ಬುಟ್ಟಿಯಾಕಾರದ್ದನ್ನೇ ತನ್ನಿ. ಮೂತಿಯನ್ನು ಬಿಗಿಯಾಗಿ ಕಟ್ಟುವ ಬಟ್ಟೆಯ ಪಟ್ಟಿಯಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಲು ಆಗುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಮೊದಲ ಕೆಲವು ದಿನ ಕುಕ್ಕೆಯೊಳಗೆ ಪನೀರ್ ಚೂರು ಹಾಕಿ ಹಿಡಿಯಿರಿ. ನಾಯಿಯೇ ಮೂತಿ ಒಳಗೆ ಹಾಕಿ ತಿನ್ನಲಿ, ನೀವು ತುರುಕಬೇಡಿ. ಆರಾಮವಾಗಿ ಮೂತಿ ಹಾಕತೊಡಗಿದ ಮೇಲೆ ಒಂದೆರಡು ಸೆಕೆಂಡ್ ಒಳಗೇ ಇರುವ ಹಾಗೆ ಮೇಲಿಂದ ಚೂರು ಕೊಡುತ್ತಿರಿ. ಆಮೇಲೆ ಪಟ್ಟಿ ಕಿವಿಯ ಹಿಂದೆ ಮುಟ್ಟಿಸಿ ತೆಗೆಯಿರಿ. ಆಮೇಲೆ ಬಕಲ್ ಹಾಕಿ, ತಿಂಡಿ ಕೊಟ್ಟು, ಬಿಚ್ಚಿ. ಮನೆಯೊಳಗೆ ಐದು ನಿಮಿಷ, ಬೀದಿಯಲ್ಲಿ ಐದು ನಿಮಿಷ. ಕೆರೆದುಕೊಂಡರೆ ನೀವು ಅವಸರ ಮಾಡಿದ್ದೀರಿ ಎಂದರ್ಥ, ಹಿಂದಿನ ಹಂತಕ್ಕೆ ಹೋಗಿ. ಅಳತೆ ನೋಡುವಾಗ, ಹಾಕಿಕೊಂಡೇ ನೀರು ಕುಡಿಯಲು, ಬಾಯಿ ತೆರೆದು ಏದುಸಿರು ಬಿಡಲು ಜಾಗ ಇದೆಯೇ ಎಂದು ಪರೀಕ್ಷಿಸಿ. ಹಾಕಿದ ಮೇಲೆ ಒಂಟಿಯಾಗಿ ಬಿಟ್ಟು ಹೋಗಬೇಡಿ.